ಎರಡು ಸಲ ಬಂದ ಹೆಸರು

14 ಜುಲೈ 2025, ಸೋಮವಾರ, ಆದೋನಿ

ಊಟಕ್ಕೂ ಏಳದೆ ಇದನ್ನು ಬರೆಯಲು ಕೂತಿದ್ದೇನೆ.

ಆನ್‌ಲೈನ್ ಕೋರ್ಸಿನ ಇವತ್ತಿನ ಪಾಠ, ಡೇಟಾಬೇಸಿನಲ್ಲಿ ಎರಡೆರಡು ಸಲ ಸೇರಿಕೊಂಡ ಹೆಸರುಗಳನ್ನು ಹುಡುಕಿ ಅಳಿಸುವುದು. ಅಭ್ಯಾಸಕ್ಕೆಂದು, ತಾತ ಮನೆಯ ಮಕ್ಕಳ ಹುಟ್ಟು ಬರೆದಿಟ್ಟ ಜಾತಕದ ಪುಸ್ತಕವನ್ನೇ ಟೇಬಲ್ ಮಾಡಿದ್ದೆ. ಎರಡು ಸಲ ಬಂದದ್ದನ್ನು ಹುಡುಕುವ ಆದೇಶ, ಅಂದರೆ ಕ್ವೆರಿ, ಓಡಿಸಿದರೆ ಬಂದದ್ದು ಒಂದೇ ಹೆಸರು, ಶ್ರೀವಾಣಿ. ನನ್ನ ಹೆಸರು! ಟೈಪ್ ಮಾಡುವಾಗ ತಪ್ಪಿರಬೇಕೆಂದು ಪುಸ್ತಕ ತೆರೆದೆ. ಅಲ್ಲೂ ಎರಡು ಸಲ ಇದೆ. ಎರಡೂ ಕಡೆ ತಾಯಿ ಮಾಧವಿ, ನನ್ನ ಅಮ್ಮನೇ. ವರ್ಷ ಮಾತ್ರ ಬೇರೆ: 1999, 2001.

ಅಕ್ಕಿ ಆರಿಸುತ್ತಿದ್ದ ಅಮ್ಮನಿಗೆ ತೋರಿಸಿ, ಒಂದನ್ನು ಅಳಿಸಬೇಕು ಎಂದೆ. ಅಮ್ಮ ಮೊರ ಕೆಳಗಿಟ್ಟಳು.

"ಮೊದಲನೇ ಆಕಿ ಮೂರು ತಿಂಗಳು ಇದ್ಲು. ನೀ ಹುಟ್ಟಿದಾಗ ಆಕಿನೇ ತಿರುಗಿ ಬಂದಾಳ ಅಂತ ನಿಮ್ಮ ತಾತ ಅದೇ ಹೆಸರಿಟ್ರು. ಆಕೀನ ಅಳಿಸಬ್ಯಾಡವ್ವ."

ನನಗೊಬ್ಬಳು ಅಕ್ಕ ಇದ್ದಳು! ಇಪ್ಪತ್ನಾಲ್ಕು ವರ್ಷ ಯಾರೂ ಬಾಯಿ ಬಿಟ್ಟಿರಲಿಲ್ಲ. ಬರೆದರೂ ನಂಬಿಕೆ ಬರುತ್ತಿಲ್ಲ.

ಪಾಠದಲ್ಲಿ ಕೊಟ್ಟ ಅಳಿಸುವ ಕ್ವೆರಿ ಸ್ಕ್ರೀನಿನ ಮೇಲೆ ಹಾಗೇ ಇದೆ. ಮೊದಲು ಬಂದದ್ದನ್ನು ಉಳಿಸಿಕೊಂಡು, ಆಮೇಲೆ ಬಂದದ್ದನ್ನು ಅದು ತೆಗೆದುಹಾಕುತ್ತದೆ.

ಆಮೇಲೆ ಬಂದವಳು ನಾನು.