ಸ್ಟೂಲಿನ ಅಂಚು

೧೧ ನವೆಂಬರ್ ೨೦೨೫, ಮಂಗಳವಾರ

ಹಿರೇಹಳ್ಳಿ ಮರಗೆಲಸದ ವರ್ಕ್‌ಶಾಪಿಗೆ ಕೊಡೋ ಚೀಟೀನ ಬೆಳಗ್ಗೆ ಮೂರು ಸಲ ಹರಿದು ಬರೆದೆ. ನಾನು ಡಿಸೈನ್ ಮಾಡಿದ ಸ್ಟೂಲಿನ ಚೂಪು ಅಂಚನ್ನ ಓರೆಯಾಗಿ ತೆಗೆಯೋದಕ್ಕೆ ಪುಸ್ತಕದಲ್ಲಿ ‘ಚೇಂಫರ್’, ಕಾಲೇಜಿನ ಮೇಡಂ ನೋಟ್ಸಲ್ಲಿ ‘ಶ್ಯಾಂಫರ್’, ವರ್ಕ್‌ಶಾಪಿನ ಮಷಿನ್ ಮೇಲೆ ಹಿಂದೀಲಿ ಇನ್ನೊಂದು ಥರ. ತಪ್ಪು ಬರೆದು ಅವರು ತಪ್ಪು ಕೊಯ್ದರೆ ನನ್ನ ಫಸ್ಟ್ ಪ್ರಾಜೆಕ್ಟೇ ಹೋಯ್ತು ಅಂತ ಒಂದೇ ಟೆನ್ಷನ್.

ಮೇಸ್ತ್ರಿ ರುದ್ರಯ್ಯನವರು ಚೀಟಿ ಓದದೇ ವಾಪಸ್ ಕೊಟ್ರು. ಅಂಚಿನ ಮೇಲೆ ಹೆಬ್ಬೆಟ್ಟು ಎಳೆದು, ‘ಕೂತೋರ ತೊಡೆ ಕುಯ್ಯಬಾರ್ದು, ಅಷ್ಟೇ ಅಲ್ವೇನವ್ವ?’ ಅಂದ್ರು.

‘ಹೂಂ ಅಂಕಲ್.’

‘ಎಷ್ಟು ತೆಗೀಲಿ, ಗೀಟು ಹಾಕು.’

ಪೆನ್ಸಿಲಲ್ಲಿ ಹಾಕಿದೆ. ಒಂದೇ ಸಲಕ್ಕೆ, ಅಳಿಸದೇ.

ಈಗ ರಾತ್ರಿ ರೂಮಲ್ಲಿ, ರೂಮ್‌ಮೇಟ್ ಪಲ್ಲವಿ ಅದೇ ಸ್ಟೂಲ್ ಮೇಲೆ ಕೂತು ಖಾರಪುರಿ ತಿಂತಾ, ‘ಏನೂ ಚುಚ್ಚಲ್ಲ ಕಣೇ, ಮಲ್ಕೋ’ ಅಂತಿದಾಳೆ. ಚೀಟಿ ಇನ್ನೂ ಬ್ಯಾಗಲ್ಲೇ ಇದೆ. ಕೊನೆಗೆ ಯಾವ ಸ್ಪೆಲಿಂಗ್ ಬರೆದಿದ್ದೆ ಅಂತ ತೆಗೆದು ನೋಡೋಕೂ ಹೋಗಿಲ್ಲ.