ಟೈಲರ್ ಮನೆಯ ಕಲ್ಲುಗೋಡೆ

ಮುನಿಸಿಕೊಂಡಿರುವ ನನ್ನ ಅಣ್ಣನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಪ್ಪತ್ತೆರಡು ವರ್ಷ ಕಂಬ ಹತ್ತಿ ಮನೆಮನೆಗೆ ಟೆಲಿಫೋನ್ ತಂತಿ ಎಳೆದವನು ನೀನು. ನಿನ್ನ ತಂಗಿಯೇ ಹೋಗಿ, ತಂತಿ ಬೇಡದ ಇಂಟರ್ನೆಟ್ ಡಬ್ಬಿ ಮಾರುವ ಕಂಪನಿ ಸೇರಿದಳು. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನೀನೇ ಬೇಕಿತ್ತಾ?" ಎಂದವನು ಆಮೇಲೆ ಎರಡು ತಿಂಗಳು ತುಟಿ ಬಿಚ್ಚಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಕೋಪ, ಸುಮ್ಮನಿದ್ದೆ. ಆದರೆ ಊಟ ಸೇರುತ್ತಿರಲಿಲ್ಲ, ಅಣ್ಣ.

ಮೊನ್ನೆ ಟೈಲರ್ ಮನೆಗೆ ನೀನು ಹಳೆಯ ಲೈನ್ ಬಿಚ್ಚಲು ಬಂದಾಗ ನಾನು ಅಲ್ಲಿ ಹೊಸ ಡಬ್ಬಿ ಕೂರಿಸಲಾಗದೆ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಹನ್ನೊಂದಕ್ಕೆ ಅವರ ಮಗಳಿಗೆ ಕೆಲಸದ ಸಂದರ್ಶನ, ಕಂಪ್ಯೂಟರಿನಲ್ಲೇ. ಹತ್ತೂವರೆಯಾದರೂ ನನ್ನ ಡಬ್ಬಿಗೆ ಸಿಗ್ನಲ್ ಇಲ್ಲ. ಮೇಜು, ಕಪಾಟು, ಕೊನೆಗೆ ಹೊಲಿಗೆ ಯಂತ್ರದ ಮೇಲೂ ಇಟ್ಟು ನೋಡಿದ್ದೆ. ಟೈಲರ್ ನಿನ್ನತ್ತ ತಿರುಗಿ, "ಈ ಡಬ್ಬಿ ಸಹವಾಸವೇ ಬೇಡ, ಹಳೇ ಲೈನೇ ಇರ್ಲಿ ಬಿಡಿ" ಅಂದೇಬಿಟ್ಟರು.

ಗೆದ್ದೆ ಎಂದು ಮೀಸೆ ತಿರುವಿಕೊಂಡು ನೀನು ಹೊರಟುಬಿಡಬಹುದಿತ್ತು. ಆದರೆ ನೀನು ನನ್ನ ಮುಖ ನೋಡಿದೆ. ಬೆರಳಿನ ಗೆಣ್ಣಿನಿಂದ ಗೋಡೆ ಬಡಿದೆ. "ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಸಿಗ್ನಲ್ ಎಲ್ಲಿಂದ ದಾಟುತ್ತೆ? ತೂತು ಕೊರೆಯೋಕೆ ನಂಗೆ ಅರ್ಧ ದಿನ ಹಿಡಿದಿತ್ತು" ಎಂದು ಆ ಗೋಡೆಗೇ ಹೇಳಿದೆ. ಆಮೇಲೆ ಮೆಟ್ಟಿಲ ಮೇಲಿನ ಬೆಳಕಿಂಡಿ ನೋಡಿ, ಎರಡು ತಿಂಗಳ ನಂತರ ನನ್ನೊಡನೆ ಮೊದಲ ಮಾತಾಡಿದೆ: "ಪೆದ್ದಿ, ಏಣಿ ಹಿಡ್ಕೋ."

ನಗುವೂ ಬಂತು, ಅಳುವೂ ಬಂತು. ಏಣಿ ಅಲ್ಲಾಡಿದ್ದು ಅದಕ್ಕೇ. ಮೇಲಿನಿಂದ ನೀನು ಬೈದೆ, ನನಗೆ ಹಾಯೆನಿಸಿತು. ಬೆಳಕಿಂಡಿಯಲ್ಲಿ ಡಬ್ಬಿ ಇಟ್ಟದ್ದೇ ತಡ, ಹಸಿರು ದೀಪ ಹತ್ತಿತು. ನೀನು ಲೈನ್ ಬಿಚ್ಚಿ ತಂತಿ ಸುತ್ತಿಕೊಂಡು, ಚಹಾ ಕೂಡ ಕುಡಿಯದೆ ಹೊರಟುಹೋದೆ.

ಆ ಹುಡುಗಿಗೆ ಕೆಲಸ ಸಿಕ್ಕಿದೆ, ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಈ ಊರಿನ ಒಂದೊಂದು ಗೋಡೆಯೂ ನಿನಗೆ ಗೊತ್ತು, ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಮ್ಯಾನೇಜರಿಗೆ ಹಾಗೇ ಹೇಳಿದೆ. "ಮೊದಲು ಅವರನ್ನ ಕರ್ಕೊಂಡು ಬನ್ನಿ" ಎಂದರು. ಬರುವುದು ಬಿಡುವುದು ನಿನ್ನಿಷ್ಟ, ನಾನು ಒತ್ತಾಯಿಸುವುದಿಲ್ಲ. ನಿನ್ನ ಗಿರಾಕಿ ಕೈತಪ್ಪುತ್ತಾರೆಂದು ಗೊತ್ತಿದ್ದೂ ನನಗಾಗಿ ಏಣಿ ಹತ್ತಿದೆಯಲ್ಲ, ನನಗೆ ಅಷ್ಟು ಸಾಕು.

ಭಾನುವಾರ ಊಟಕ್ಕೆ ಬರುತ್ತೇನೆ. ಅತ್ತಿಗೆಯನ್ನು ಕಳಿಸಬೇಡ. ಬಾಗಿಲು ನೀನೇ ತೆಗೆ.

ನೂರು ವರ್ಷ ನನ್ನನ್ನು ಬೈಯುತ್ತಾ ಚೆನ್ನಾಗಿರು.

ನಿನ್ನ ಒಬ್ಬಳೇ ತಂಗಿ