ಬಾಗಿಲ ಕೆಳಗಿನ ಬಟ್ಟೆನಾಯಿ

ರೋಂಡಾ ಕಣಿವೆ, ಜನವರಿ

ಅತ್ತೆಯವರಿಗೆ,

ಮಗು ಮಾಲಿ ಗುರುವಾರ ಆಸ್ಪತ್ರೆಯಿಂದ ಬರುತ್ತಾಳೆ. ಉಸಿರಾಟ ಸುಧಾರಿಸಿದೆ.

ಅವಳ ಕೋಣೆಯ ಬೂಷ್ಟು ನೋಡಿ ನೀವು, "ಗೋಡೆ ಒರೆಸೋಕೂ ಸೋಮಾರಿತನವೇನಮ್ಮ?" ಅಂದಿದ್ದಿರಿ. ಅಟ್ಟದಲ್ಲಿ ಫ್ಯಾನ್ ಕೂರಿಸಿದವನು ನಿನ್ನೆ ಬಂದಿದ್ದ. ಆ ಫ್ಯಾನ್ ತಳ್ಳುವ ಒಣಗಾಳಿ ಬಾಗಿಲುಗಳ ಕೆಳಗಿನ ಸಂದಿಯಿಂದಲೇ ಕೋಣೆಗಳಿಗೆ ಹೋಗಬೇಕಂತೆ. ಚಳಿ ತಡೆಯಲೆಂದು ನೀವು ಹೊಲಿದ, ನಾನು ತೆಗೆದಾಗಲೆಲ್ಲ ಮತ್ತೆ ಮಾಲಿಯ ಬಾಗಿಲ ಸಂದಿಗೆ ಅಡ್ಡವಾಗಿ ತಂದಿಟ್ಟ ಉದ್ದನೆಯ ಬಟ್ಟೆನಾಯಿಯನ್ನು ಅವನು ಕಾಲಿನಿಂದ ಸರಿಸಿದ.

"ಮನೆಯೆಲ್ಲ ಒಣಗಿದೆ, ಇದೊಂದೇ ಕೋಣೆ ತೇವ. ಯಾರ್ರೀ ಇದನ್ನ ಇಲ್ಲಿಟ್ಟಿದ್ದು?"

ನಿಮ್ಮ ಮಗ ಎಮ್ರಿಸ್ ನನ್ನನ್ನೇ ದಿಟ್ಟಿಸಿದರು.

ನಾಯಿಯನ್ನು ಒಗೆದು ಪತ್ರದ ಜೊತೆಗೇ ಕಳಿಸಿದ್ದೇನೆ. ನಿಮ್ಮ ಮನೆಯಲ್ಲೇ ಇರಲಿ. ಭಾನುವಾರ ಊಟಕ್ಕೆ ಬನ್ನಿ, ಮಾಲಿಯನ್ನು ಎತ್ತಿಕೊಳ್ಳಿ.

ನಿಮ್ಮ ಮಗನಿಗೆ ಈ ಸಲ "ನಾನೇ ಇಟ್ಟೆ" ಎಂದಿದ್ದೇನೆ. ಇನ್ನೊಮ್ಮೆ ಹಾಗೆ ಹೇಳಲಾರೆ.

ನಿಮ್ಮ ಸೊಸೆ,
ಕ್ಯಾರಿಸ್